ಭಾಷೆ ಬಲ್ಲವರು, ಮಗು ಬಲ್ಲವರು

(ಪ್ರಾಥಮಿಕ ಶಿಕ್ಷಣ ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)



ತಮ್ಮ ಸೇವಾವಧಿಯ ಬಹುಪಾಲನ್ನು ಒಂದನೇ ತರಗತಿಯ ಮಕ್ಕಳ ನಡುವೆಯೇ ಕಳೆದ ತಾಯಿಯೊಬ್ಬರ ನೆನಪಿಗೆ ಅವರ ಮಕ್ಕಳು ಈ ದತ್ತಿ ಇಟ್ಟಿದ್ದಾರೆ. ಒಂದನೇ ತರಗತಿಯ ಟೀಚರಿಗೆ ಸಭೆಗಳಲ್ಲಿ ಶಾಲು ಹೊದಿಸುವವರು ಕಡಿಮೆ. ಹಾಗಾಗಿ ಈ ಕರೆ ಬಂದಾಗ ನನಗೆ ಬಹಳ ಸಂತೋಷವಾಯಿತು. ಮಕ್ಕಳಿಗೆ ಪರಭಾಷೆ ಕಲಿಸುವ ಜನರ ಬಗ್ಗೆ ಇವತ್ತು ಮಾತಾಡುತ್ತೇನೆ. ಬೋಧನಾ ವಿಧಾನಗಳ ಬಗ್ಗೆ, ಪಠ್ಯಪುಸ್ತಕಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಆ ಪುಸ್ತಕ ಹಿಡಿದು ಮಕ್ಕಳೆದುರು ನಿಲ್ಲುವವರು ಯಾರು, ಅವರನ್ನು ಯಾರು ನೇಮಿಸಿದರು, ಅವರಿಗೆ ಪರಸ್ಪರ ಮಾತಾಡಲು ಬಿಡುವಿದೆಯೇ ಎಂದು ಕೇಳಿದ್ದು ಕಡಿಮೆ.

2007-08ರಲ್ಲಿ ನಮ್ಮ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ನಾನು ಆಗ ಶಿಕ್ಷಕರಿಗೆ ತರಬೇತಿ ಕೊಡುವವರ ಗುಂಪಿನಲ್ಲಿದ್ದೆ. ತಿಂಗಳಿಗೊಮ್ಮೆ ಶಾಲೆಗಳಿಗೆ ಹೋಗಿ ಮಾದರಿ ಪಾಠ ಮಾಡಿ ತೋರಿಸುವುದು ನನ್ನ ಕೆಲಸ. ಊರಾಚೆಯ ಎರಡು ಕೋಣೆಯ ಶಾಲೆಯೊಂದರಲ್ಲಿ ಒಬ್ಬ ಹುಡುಗಿಯನ್ನು ಮುಂದೆ ಕರೆದು, ನಗುನಗುತ್ತಲೇ "ವಾಟ್ ಈಸ್ ಯುವರ್ ನೇಮ್?" ಎಂದೆ. ಅವಳು ಟೀಚರ ಸೆರಗಿನ ಹಿಂದೆ ಸರಿದಳು. ಮತ್ತೆ ಕೇಳಿದೆ, ಇನ್ನೂ ಹಿಂದೆ ಸರಿದಳು. ಟೀಚರು ಬಗ್ಗಿ, ಅವಳ ಕಿವಿಯ ಹತ್ತಿರ, ನಾನು ಕೇಳಿದ ಅದೇ ನಾಲ್ಕು ಪದಗಳನ್ನು ನನಗಿಂತ ಒರಟಾದ ಉಚ್ಚಾರಣೆಯಲ್ಲಿ ಕೇಳಿದರು. ಹುಡುಗಿ ಹೆಸರನ್ನಷ್ಟೇ ಅಲ್ಲ, "ಮೈ ನೇಮ್ ಈಸ್" ಎಂದು ಪೂರ್ತಿ ವಾಕ್ಯವನ್ನೇ ಹೇಳಿದಳು. "ಮೊನ್ನೆಯಿಂದ ಜ್ವರ ಇತ್ತು ಮೇಡಂ, ಹೊಸಬರನ್ನ ಕಂಡ್ರೆ ಅಳು ಬರುತ್ತೆ ಇವಳಿಗೆ" ಎಂದರು ಟೀಚರು. ತರಬೇತಿಯಲ್ಲಿ ಇದೇ ಟೀಚರು ಹಿಂದಿನ ಸಾಲಿನಲ್ಲಿ ಕೂತು, "ನನಗೆ ಇಂಗ್ಲಿಷ್ ಬರಲ್ಲ, ಬೇರೆ ಯಾರನ್ನಾದರೂ ಹಾಕಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು.

ಆ ಕೋಣೆಯಲ್ಲಿ ಭಾಷೆ ಬಲ್ಲವಳು ನಾನು, ಮಗು ಬಲ್ಲವರು ಅವರು. ಎರಡೂ ಒಬ್ಬರಲ್ಲೇ ಇರುವುದು ಅಪರೂಪದ ಭಾಗ್ಯ. ಇಲ್ಲದ ಕಡೆ, ಈ ಇಬ್ಬರ ನಡುವೆ ಏನು ನಡೆಯುತ್ತದೆ ಎಂಬುದರ ಮೇಲೆಯೇ ಮಕ್ಕಳ ಕಲಿಕೆ ನಿಂತಿರುತ್ತದೆ. ಇದನ್ನು ಇಡೀ ದೇಶದ ಮಟ್ಟದಲ್ಲಿ, ದಶಕಗಳ ಕಾಲ ಎದುರಿಸುತ್ತಾ ಬಂದ ನಾಡು ಜಪಾನ್. ಆ ಕಥೆಯನ್ನು ನಾನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅದನ್ನೇ ಇವತ್ತು ತುಸು ವಿಸ್ತಾರವಾಗಿ ನಿಮ್ಮ ಮುಂದಿಡುತ್ತೇನೆ.

ಜಪಾನಿನಲ್ಲಿ ಇಂಗ್ಲಿಷ್ ನಿಜಕ್ಕೂ ಪರಭಾಷೆ. ನಮ್ಮಲ್ಲಿರುವಂತೆ ಕೋರ್ಟಿನಲ್ಲಿ, ಔಷಧಿ ಚೀಟಿಯಲ್ಲಿ, ವಿಶ್ವವಿದ್ಯಾಲಯದ ಪಾಠದಲ್ಲಿ ಅದು ಮನೆಮಾಡಿಕೊಂಡಿಲ್ಲ. ಹಳ್ಳಿಯ ಮಗುವಿಗೆ ಶಾಲೆಯ ಕೋಣೆ ಬಿಟ್ಟರೆ ಅದು ಬೇರೆಲ್ಲೂ ಅಗತ್ಯವಾಗಿ ಎದುರಾಗುವುದಿಲ್ಲ. 1987ರಲ್ಲಿ ಆ ದೇಶ ಜೆಟ್ ಎಂಬ ಯೋಜನೆ ಆರಂಭಿಸಿತು. ವಿದೇಶಿ ಪದವೀಧರ ಯುವಕ ಯುವತಿಯರನ್ನು ಕರೆಸಿ, ದೇಶದ ಮೂಲೆಮೂಲೆಯ ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರಾಗಿ ಕಳಿಸುವ ಯೋಜನೆ ಅದು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕು ದೇಶಗಳಿಂದ 848 ಮಂದಿ ಬಂದರು. ಮುಂದೆ ಒಂದೇ ಹೊತ್ತಿಗೆ ಈ ಯೋಜನೆಯಲ್ಲಿದ್ದವರ ಸಂಖ್ಯೆ ಐದು ಸಾವಿರವನ್ನೂ ದಾಟಿತು. ಅವರನ್ನು ಆರಿಸುವುದು ಕೇಂದ್ರ ವ್ಯವಸ್ಥೆಯಾದರೂ ಸಂಬಳ ಕೊಡುವುದು, ಮನೆ ಹುಡುಕಿಕೊಡುವುದು, ಯಾವ ಶಾಲೆಗೆ ಯಾವ ದಿನ ಎಂದು ಹೇಳುವುದು ಬಹುತೇಕ ಸ್ಥಳೀಯ ಶಿಕ್ಷಣ ಮಂಡಳಿಯ ಕೆಲಸ. ಒಂದು ವರ್ಷದ ಕರಾರು, ಹೆಚ್ಚೆಂದರೆ ಐದು ವರ್ಷದವರೆಗೆ ಮುಂದುವರಿಕೆ. ಜಪಾನಿನಲ್ಲಿ ಈ ಹುದ್ದೆಯವರನ್ನು ಎಎಲ್‌ಟಿ ಎಂದೇ ಕರೆಯುತ್ತಾರೆ.

ಆರಂಭದ ವರ್ಷಗಳಲ್ಲಿ ಇವರೆಲ್ಲ ಹೆಚ್ಚಾಗಿ ಪ್ರೌಢ ಹಂತದ ಶಾಲೆಗಳಿಗೆ ಹೋಗುತ್ತಿದ್ದರು. ಒಬ್ಬ ಎಎಲ್‌ಟಿಗೆ ಹತ್ತಾರು ಶಾಲೆ. ಒಂದು ತರಗತಿಗೆ ಒಮ್ಮೆ ಹೋಗಿ ಬಂದರೆ ಮತ್ತೆ ಅದೇ ಮಕ್ಕಳ ಮುಖ ಕಾಣುವುದು ಯಾವಾಗಲೋ. ಹಾಗಾಗಿ ಹೋದಲ್ಲೆಲ್ಲ ಅದೇ ಸ್ವಪರಿಚಯ, ತನ್ನ ಊರಿನ ಅದೇ ಫೋಟೋಗಳು, ಅದೇ ಒಂದು ಆಟ. ಇದನ್ನು ಓದುವಾಗ ಆ ಹುಡುಗ ಹುಡುಗಿಯರ ಬಗ್ಗೆ ನನಗೆ ಸಂಕಟವಾಗುತ್ತದೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಬಹುಪಾಲು ಜನರಿಗೆ ಶಿಕ್ಷಕ ತರಬೇತಿ ಆಗಿಲ್ಲ, ಊರಿನ ಭಾಷೆ ಬಾರದು. ಪ್ರತಿದಿನ ನೂರಾರು ಕಣ್ಣುಗಳ ಮುಂದೆ ಹುರುಪಿನಿಂದ ನಿಲ್ಲಬೇಕು. 'ಗೆಂಕಿ' ಎನ್ನುತ್ತಾರೆ ಜಪಾನಿನಲ್ಲಿ, ಲವಲವಿಕೆ ಎಂಬ ಅರ್ಥ. ಎಎಲ್‌ಟಿ ಯಾವಾಗಲೂ ಗೆಂಕಿಯಾಗಿರಬೇಕು ಎಂಬುದು ಬರೆಯದ ನಿಯಮ. ಅವರಲ್ಲಿ ಹಲವರ ದೂರು ಒಂದೇ, ತಮ್ಮನ್ನು ಮಾತಾಡುವ ಟೇಪ್ ರೆಕಾರ್ಡರಿನಂತೆ ಬಳಸುತ್ತಾರೆ ಎಂಬುದು. ಪುಸ್ತಕದ ಸಾಲನ್ನು ಶಿಕ್ಷಕರು ಬೆರಳಿಟ್ಟು ತೋರಿಸುತ್ತಾರೆ, ಇವರು ಓದುತ್ತಾರೆ, ಮಕ್ಕಳು ಒಕ್ಕೊರಲಿನಿಂದ ಹಿಂಬಾಲಿಸುತ್ತಾರೆ, ಪಿರಿಯಡ್ ಮುಗಿಯುತ್ತದೆ.

ಕಥೆ ನಿಜವಾಗಿ ಬಿಗಿಯಾಗುವುದು ಚಿಕ್ಕ ಮಕ್ಕಳ ಶಾಲೆಗೆ ಇಂಗ್ಲಿಷ್ ಕಾಲಿಟ್ಟಾಗ. 2002ರಿಂದ ಪ್ರಾಥಮಿಕ ಶಾಲೆಗಳು ಇಷ್ಟಪಟ್ಟರೆ ಇಂಗ್ಲಿಷ್ ಚಟುವಟಿಕೆ ಮಾಡಬಹುದಿತ್ತು. 2011ರಲ್ಲಿ ಐದು ಮತ್ತು ಆರನೇ ತರಗತಿಗೆ ವರ್ಷಕ್ಕೆ 35 ಪಿರಿಯಡ್ 'ವಿದೇಶಿ ಭಾಷಾ ಚಟುವಟಿಕೆ' ಕಡ್ಡಾಯವಾಯಿತು, ಅಂಕಗಳಿರಲಿಲ್ಲ. 2020ರಲ್ಲಿ ಆ ಚಟುವಟಿಕೆ ಮೂರು ನಾಲ್ಕನೇ ತರಗತಿಗೆ ಇಳಿಯಿತು. ಐದು ಆರನೇ ತರಗತಿಗಳಲ್ಲಿ ಇಂಗ್ಲಿಷ್ ಅಂಕಗಳಿರುವ ಪೂರ್ಣ ವಿಷಯವಾಗಿ ವರ್ಷಕ್ಕೆ 70 ಪಿರಿಯಡ್ ಪಡೆಯಿತು. 45 ನಿಮಿಷದ ಒಂದೊಂದು ಪಿರಿಯಡ್.

ಹೇಳಿಕೊಡುವವರು ಯಾರು? ತರಗತಿ ಶಿಕ್ಷಕರು. ಜಪಾನಿ ಭಾಷೆಯಲ್ಲಿ 'ತನ್ನಿನ್'. ನಮ್ಮ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟರ ಹಾಗೆ ಒಂದು ತರಗತಿಯ ಬಹುತೇಕ ಎಲ್ಲ ವಿಷಯಗಳೂ ಅವರದೇ. ಮಧ್ಯಾಹ್ನ ಮಕ್ಕಳ ಜೊತೆ ಅದೇ ಕೋಣೆಯಲ್ಲಿ ಊಟ. ಬಿಳಿ ಏಪ್ರನ್ ತೊಟ್ಟ ಮಕ್ಕಳೇ ಬಡಿಸುತ್ತಾರೆ. ಕೋಣೆ ಗುಡಿಸುವ, ನೆಲ ಒರೆಸುವ ಹೊತ್ತಿನಲ್ಲೂ ಅವರು ಮಕ್ಕಳ ಜೊತೆಗಿರುತ್ತಾರೆ. ಯಾವ ಮಗುವಿನ ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದಾರೆ, ಯಾವ ಹುಡುಗ ಯಾವ ಹುಡುಗನ ಪಕ್ಕ ಕೂತರೆ ಜಗಳ, ಎಲ್ಲ ಅವರಿಗೆ ಗೊತ್ತು. ಇಂಗ್ಲಿಷ್ ಕಲಿಸುವುದು ಮಾತ್ರ ಗೊತ್ತಿಲ್ಲ. ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರುವಾಗ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಎಂಬ ವಿಷಯವೇ ಇರಲಿಲ್ಲ. ಸರ್ಕಾರ 2009ರಲ್ಲಿ 'ಎಯ್ಗೊ ನೋಟೊ' ಎಂಬ ಪುಸ್ತಕ ಹಂಚಿತು, 2012ರಲ್ಲಿ 'ಹಾಯ್, ಫ್ರೆಂಡ್ಸ್!', 2018ರಲ್ಲಿ 'ಲೆಟ್ಸ್ ಟ್ರೈ!' ಮತ್ತು 'ವಿ ಕ್ಯಾನ್!'. ಹೆಸರುಗಳೆಲ್ಲ ಉತ್ಸಾಹದವು. ಆ ಪುಸ್ತಕವನ್ನು ಕೈಗೆತ್ತಿಕೊಂಡು ರಾತ್ರಿ ಕೂತು ಉಚ್ಚಾರಣೆ ಕಲಿತ ಐವತ್ತು ದಾಟಿದ ಶಿಕ್ಷಕಿಯರ ಆತಂಕ ಎಂಥದೆಂದು ನಮ್ಮ 2007ನ್ನು ಕಂಡ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಾಗಿಲ ಬಳಿ ಎಎಲ್‌ಟಿ, ಹಲಗೆಯ ಬಳಿ ತರಗತಿ ಶಿಕ್ಷಕಿ, ನಡುವೆ ಮೂವತ್ತು ಮಕ್ಕಳು. ಶಿಕ್ಷಕಿಗೆ ಮಕ್ಕಳ ಮುಂದೆ ತಪ್ಪು ಇಂಗ್ಲಿಷ್ ಆಡಿಬಿಟ್ಟೇನೆಂಬ ಅಂಜಿಕೆ. ಎಎಲ್‌ಟಿಗೆ ಮಕ್ಕಳ ಹೆಸರು ಬಾರದು, ಯಾರು ಯಾಕೆ ಮುಖ ಸಪ್ಪಗೆ ಮಾಡಿ ಕೂತಿದ್ದಾರೆಂದು ತಿಳಿಯದು. ಕೆಲವು ಶಾಲೆಗಳಲ್ಲಿ ಶಿಕ್ಷಕಿ ಮೂಲೆಯಲ್ಲಿ ಕೂತು ಬೇರೆ ಪುಸ್ತಕ ತಿದ್ದುತ್ತಾರೆ, ಎಎಲ್‌ಟಿ ಒಬ್ಬರೇ ಹೆಣಗುತ್ತಾರೆ. ಇನ್ನು ಕೆಲವು ಕಡೆ ಶಿಕ್ಷಕಿಯೇ ಎದ್ದು, ಮಕ್ಕಳು ನೋಡುತ್ತಿರುವಂತೆಯೇ ಎಎಲ್‌ಟಿಯನ್ನು ಆ ಪದ ಹೇಳುವುದು ಹೇಗೆ ಎಂದು ಕೇಳುತ್ತಾರೆ, ಎರಡು ಸಲ ಎಡವುತ್ತಾರೆ, ಮೂರನೇ ಸಲ ಹೇಳುತ್ತಾರೆ. ಎರಡನೆಯ ಕೋಣೆಯ ಮಕ್ಕಳಿಗೆ ದೊರೆತದ್ದು ಬಹಳ ದೊಡ್ಡದು ಎಂದು ನನ್ನ ನಂಬಿಕೆ. ತಾವು ಅಷ್ಟು ಗೌರವಿಸುವ ಟೀಚರು ಕಲಿಯುತ್ತಿರುವುದನ್ನು ಅವರು ಕಂಡರು. ಪರಭಾಷೆಯ ಮುಂದೆ ಮಗುವಿನ ನಾಲಿಗೆ ಕಟ್ಟುವುದು ಹೆಚ್ಚಾಗಿ ನಾಚಿಕೆಯಿಂದ, ಆ ನಾಚಿಕೆಯನ್ನು ಮೊದಲು ಕಳಚಿ ತೋರಿಸಬೇಕಾದವರು ದೊಡ್ಡವರೇ.

ಈ ಎರಡು ಕೋಣೆಗಳ ನಡುವಿನ ವ್ಯತ್ಯಾಸಕ್ಕೆ ಜಪಾನಿನ ಶಿಕ್ಷಕರ ಬಾಯಲ್ಲಿ ಒಂದು ಪದವಿದೆ, 'ಉಚಿಅವಸೆ'. ಕೆಲಸಕ್ಕೆ ಮುಂಚೆ ಕೂತು ಮಾತಾಡಿಕೊಳ್ಳುವುದು ಎಂದರ್ಥ. ಇವತ್ತು ಯಾವ ಆಟ, ಮೊದಲು ಯಾರು ಮಾತಾಡುವುದು, ಹಿಂದಿನ ಸಲ ಎಲ್ಲಿ ಮಕ್ಕಳಿಗೆ ಅರ್ಥವಾಗಲಿಲ್ಲ, ಈ ವಾರ ಯಾರ ಮನಸ್ಸು ಸರಿಯಿಲ್ಲ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಸಿಗುವುದೇ ಕಷ್ಟ. ತರಗತಿ ಶಿಕ್ಷಕಿಗೆ ಒಂದಾದ ಮೇಲೊಂದು ಪಿರಿಯಡ್, ಸಂಜೆ ಸಭೆ, ಕಡತ. ಎಎಲ್‌ಟಿ ಮಧ್ಯಾಹ್ನಕ್ಕೆ ಇನ್ನೊಂದು ಶಾಲೆಗೆ ಸೈಕಲ್ ತುಳಿಯಬೇಕು. ಮಾತುಕತೆ ನಡೆಯುವುದು ಕಾರಿಡಾರಿನಲ್ಲಿ, ಮೆಟ್ಟಿಲ ಮೇಲೆ, ಚಪ್ಪಲಿ ಬದಲಿಸುವ ಜಾಗದಲ್ಲಿ.

ಇಲ್ಲಿ ತುಸು ನಿಲ್ಲುತ್ತೇನೆ, ಯಾಕೆಂದರೆ ನನ್ನನ್ನು ಅತ್ಯಂತ ಕಾಡಿದ ಸಂಗತಿ ಇದು. ಎಎಲ್‌ಟಿಗಳೆಲ್ಲರೂ ಜೆಟ್ ಮೂಲಕ ಬಂದವರಲ್ಲ. ಕೆಲವರನ್ನು ಸ್ಥಳೀಯ ಮಂಡಳಿಯೇ ನೇರವಾಗಿ ನೇಮಿಸುತ್ತದೆ, ಬಹಳಷ್ಟು ಜನರನ್ನು ಖಾಸಗಿ ಕಂಪನಿಗಳು ಒದಗಿಸುತ್ತವೆ. ಹಾಗೆ ಒದಗಿಸುವ ಬಗೆಗಳಲ್ಲೊಂದು ಪೂರ್ತಿ ಹೊರಗುತ್ತಿಗೆ. ಆ ಕರಾರಿನಲ್ಲಿ ಕೆಲಸಗಾರನಿಗೆ ಹೇಗೆ ಕೆಲಸ ಮಾಡಬೇಕೆಂದು ಹೇಳುವ ಅಧಿಕಾರ ಅವನ ಕಂಪನಿಗೆ ಮಾತ್ರ. ಕೆಲಸ ಮಾಡಿಸಿಕೊಳ್ಳುವ ಜಾಗದವರು ನೇರವಾಗಿ ಸೂಚನೆ ಕೊಟ್ಟರೆ ಅದು ಹೊರಗುತ್ತಿಗೆಯ ಮುಸುಕಿನಲ್ಲಿ ನಡೆಸಿದ ನೌಕರಿಯಾಗುತ್ತದೆ, ಕಾನೂನಿಗೆ ವಿರುದ್ಧ. ಕಾರ್ಮಿಕರ ರಕ್ಷಣೆಗಾಗಿ ಮಾಡಿದ ಒಳ್ಳೆಯ ಕಾನೂನೇ ಅದು. ಆದರೆ ತರಗತಿಯೊಳಗೆ ಅದರ ಪರಿಣಾಮ ನೋಡಿ. ಶಿಕ್ಷಕಿ ಪಕ್ಕದಲ್ಲೇ ನಿಂತ ಎಎಲ್‌ಟಿಗೆ "ಸ್ವಲ್ಪ ನಿಧಾನವಾಗಿ ಹೇಳಿ, ಹಿಂದಿನ ಸಾಲಿನವರಿಗೆ ಅರ್ಥವಾಗಿಲ್ಲ" ಎಂದರೆ ಅದು ಸೂಚನೆ. ಜಪಾನಿನ ಶಿಕ್ಷಣ ಇಲಾಖೆಯೇ ಇದರ ಬಗ್ಗೆ ಮಂಡಳಿಗಳಿಗೆ ಎಚ್ಚರಿಕೆಯ ಸುತ್ತೋಲೆ ಕಳಿಸಬೇಕಾಯಿತು. ಒಂದೇ ಕೋಣೆಯಲ್ಲಿ, ಒಂದೇ ಮಕ್ಕಳ ಮುಂದೆ ನಿಂತ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗೆ ಪಾಠ ಹೀಗಿರಲಿ ಎಂದು ಕಾಗದದ ಮೇಲೆ ಹೇಳುವಂತಿಲ್ಲ. ಅಗ್ಗದ ಟೆಂಡರಿನ ಆಸೆಗೆ ಒಪ್ಪಿಕೊಂಡ ಕರಾರು ಕೊನೆಗೆ ಮಕ್ಕಳ ಕಿವಿಯವರೆಗೂ ತಲುಪಿತು. ಇಂಥ ಗುತ್ತಿಗೆಗಳ ಬಗ್ಗೆ ಇನ್ನೊಂದು ದೂರೂ ಇದೆ. ರಜೆಯ ತಿಂಗಳಲ್ಲಿ ಸಂಬಳ ಕಡಿತ. ನಮ್ಮ ಅತಿಥಿ ಶಿಕ್ಷಕರು ಈ ಸಭೆಯಲ್ಲಿದ್ದರೆ ಅವರಿಗೆ ಇದು ಹೊಸದಾಗಿ ಕೇಳಿಸಲಾರದು.

ಬೇರೆ ದೇಶಗಳ ಅನುಭವವೂ ಜನರ ಕಡೆಗೇ ಬೆರಳು ಮಾಡುತ್ತದೆ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಫ್ರೆಂಚ್ ಕಲಿಸುವ ದೊಡ್ಡ ಪ್ರಯೋಗ ನಡೆಯಿತು. ಅದನ್ನು ಹತ್ತು ವರ್ಷ ಹಿಂಬಾಲಿಸಿದ ಕ್ಲೇರ್ ಬರ್ಸ್ಟಾಲ್ 1974ರಲ್ಲಿ ಕೊಟ್ಟ ವರದಿ, ಬೇಗ ಶುರು ಮಾಡಿದ್ದರಿಂದ ನಿರೀಕ್ಷಿಸಿದ ಲಾಭ ಸಿಗಲಿಲ್ಲ ಎಂದಿತು. ಆಮೇಲೆ ಸರ್ಕಾರದ ಉತ್ಸಾಹ ಇಳಿಯಿತು. ಆ ವರದಿಯ ಇನ್ನೊಂದು ಮಾತು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಹಳ್ಳಿಗಾಡಿನ ಸಣ್ಣ ಶಾಲೆಗಳ ಮಕ್ಕಳು ದೊಡ್ಡ ಶಾಲೆಗಳ ಮಕ್ಕಳಿಗಿಂತ ಚೆನ್ನಾಗಿ ಕಲಿತಿದ್ದರು. ಸೌಲಭ್ಯ ಹೆಚ್ಚಿದ್ದ ಕಡೆ ಆಗದ್ದು, ಕೆಲವೇ ಮಕ್ಕಳನ್ನು ಹತ್ತಿರದಿಂದ ಬಲ್ಲ ಶಿಕ್ಷಕರಿದ್ದ ಕಡೆ ಆಗಿತ್ತು.

ನಮ್ಮ ಬೆಂಗಳೂರನ್ನೂ ಇಲ್ಲಿ ನೆನೆಯಬೇಕು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆಗಳ ಸಾಧಾರಣ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಪ್ರಪಂಚದ ಭಾಷಾ ಶಿಕ್ಷಣದ ಪುಸ್ತಕಗಳಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ದಾಖಲಾಗಿದೆ. ರೈಲ್ವೆ ವೇಳಾಪಟ್ಟಿ, ನಕ್ಷೆ ಇಟ್ಟುಕೊಂಡು ಮಕ್ಕಳು ಲೆಕ್ಕ ಬಿಡಿಸುತ್ತಿದ್ದರು, ಬಿಡಿಸುವ ಭರದಲ್ಲಿ ಇಂಗ್ಲಿಷ್ ಒಳಗೆ ಇಳಿಯುತ್ತಿತ್ತು. ಇಷ್ಟು ದೊಡ್ಡ ವಿಧಾನಕ್ಕೆ ಕಾರಣರಾದವರೇ 1990ರ ಲೇಖನವೊಂದರಲ್ಲಿ, ಅತ್ಯುತ್ತಮ ವಿಧಾನ ಎಂಬುದೊಂದಿಲ್ಲ ಎಂದು ವಾದಿಸಿದರು. ತಾನು ಮಾಡುತ್ತಿರುವುದರಿಂದ ಈ ಮಕ್ಕಳು ಕಲಿಯುತ್ತಾರೆ ಎಂದು ಶಿಕ್ಷಕನಿಗೆ ಒಳಗಿನಿಂದ ಅನಿಸಬೇಕು, ಆ ಅನಿಸಿಕೆ ಜೀವಂತವಾಗಿರಬೇಕು. ಅದು ಸತ್ತು ಪಾಠ ಯಾಂತ್ರಿಕವಾದರೆ ಯಾವ ವಿಧಾನವೂ ಉಳಿಸದು. ನಾನು ಅರ್ಥ ಮಾಡಿಕೊಂಡಂತೆ ಅವರ ವಾದದ ಸಾರ ಅದು. ಟೇಪ್ ರೆಕಾರ್ಡರಾಗಿ ಬಳಕೆಯಾದ ಎಎಲ್‌ಟಿಯಲ್ಲಿ ಸಾಯುವುದು ಈ ಅನಿಸಿಕೆಯೇ. ಮೂಲೆಯಲ್ಲಿ ಕೂತ ತರಗತಿ ಶಿಕ್ಷಕಿಯಲ್ಲಿ ಅದಕ್ಕೆ ಹುಟ್ಟಲೂ ಅವಕಾಶ ಸಿಕ್ಕಿಲ್ಲ.

ಇನ್ನು ನಾನು ಹೇಳಲೇಬೇಕಾದ ಒಬ್ಬರ ಕಥೆ. ಟೇಲರ್ ಆ್ಯಂಡರ್ಸನ್ ಅಮೆರಿಕದ ವರ್ಜೀನಿಯಾದವರು. ಶಾಲೆಯ ದಿನಗಳಲ್ಲೇ ಜಪಾನೀ ಭಾಷೆಯ ಮೋಹಕ್ಕೆ ಬಿದ್ದು ಕಲಿಯತೊಡಗಿದ್ದವರು, ತಾವೇ ಒಂದು ಕಾಲಕ್ಕೆ ಪರಭಾಷೆ ಕಲಿತ ಮಗು. 2008ರಲ್ಲಿ ಪದವಿ ಮುಗಿಸಿ ಜೆಟ್ ಮೂಲಕ ಮಿಯಾಗಿ ಪ್ರಾಂತ್ಯದ ಇಶಿನೊಮಾಕಿ ಎಂಬ ಕಡಲತೀರದ ಊರಿಗೆ ಬಂದರು. ಹಲವು ಶಾಲೆಗಳ ನಡುವೆ ಓಡಾಡುತ್ತಾ ಚಿಕ್ಕ ಮಕ್ಕಳಿಗೆ ಪಾಠ ಮಾಡಿದರು. 2011ರ ಮಾರ್ಚ್ 11ರ ಮಧ್ಯಾಹ್ನ ಮಂಗೊಕುಉರಾ ಪ್ರಾಥಮಿಕ ಶಾಲೆಯಲ್ಲಿದ್ದರು. ನೆಲ ನಡುಗಿತು. ಮಕ್ಕಳನ್ನು ಹೊರಗೆ ಕರೆತಂದು, ತಂದೆ ತಾಯಂದಿರು ಬಂದು ಕರೆದೊಯ್ಯುವವರೆಗೂ ಶಾಲೆಯವರ ಜೊತೆ ಅವರೂ ನಿಂತರು. ಆಮೇಲೆ ಸೈಕಲ್ ಹತ್ತಿ ಮನೆಯ ಕಡೆ ಹೊರಟರು. ಸುನಾಮಿ ಬಂತು. ಅವರಿಗೆ 24 ವರ್ಷ. ರಿಕುಜೆಂಟಕಾಟಾದಲ್ಲಿದ್ದ ಅಲಾಸ್ಕಾದ ಮಾಂಟಿ ಡಿಕ್ಸನ್ ಎಂಬ ಇನ್ನೊಬ್ಬ ಜೆಟ್ ಶಿಕ್ಷಕರೂ ಅದೇ ದಿನ ತೀರಿಕೊಂಡರು.

ಟೇಲರ್ ಅವರ ತಂದೆ ತಾಯಿ ಮಗಳ ಹೆಸರಿನಲ್ಲಿ ನಿಧಿ ಸ್ಥಾಪಿಸಿ, ಆ ಭಾಗದ ಶಾಲೆಗಳಿಗೆ ಇಂಗ್ಲಿಷ್ ಪುಸ್ತಕಗಳನ್ನೂ ಅವನ್ನಿಡಲು ಕಪಾಟುಗಳನ್ನೂ ಕೊಡತೊಡಗಿದರು. 'ಟೇಲರ್ ಬುಂಕೊ' ಎಂದು ಅದಕ್ಕೆ ಹೆಸರು, ಟೇಲರ್ ಪುಸ್ತಕಮೂಲೆ ಎನ್ನಬಹುದು. ಕಪಾಟುಗಳನ್ನು ಮಾಡಿದವರು ಇಶಿನೊಮಾಕಿಯ ಬಡಗಿ ಶಿನ್‌ಇಚಿ ಎಂಡೊ. ಆ ಸುನಾಮಿಯಲ್ಲಿ ಅವರ ಮೂವರು ಮಕ್ಕಳೂ ಹೋದರು. ಟೇಲರ್ ಪಾಠ ಮಾಡಿದ್ದ ಮಕ್ಕಳೂ ಅವರಲ್ಲಿದ್ದರು. ಮಕ್ಕಳನ್ನು ಕಳೆದುಕೊಂಡ ಆ ತಂದೆ, ಮಕ್ಕಳ ಟೀಚರ ಹೆಸರಿನಲ್ಲಿ, ಬೇರೆಯವರ ಮಕ್ಕಳಿಗಾಗಿ ಮರ ಕೊಯ್ದು, ಉಜ್ಜಿ, ಕಪಾಟು ಕಟ್ಟಿದರು. ಒಂದು ಊರಿನವರು ಎಲ್ಲಿಂದಲೋ ಬಂದ ಹುಡುಗಿಯನ್ನು ತಮ್ಮವಳೆಂದು ಒಪ್ಪಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸುಮಾರು ಎರಡೂವರೆ ವರ್ಷ ಆ ಊರಲ್ಲಿದ್ದು, ಅದರ ಭಾಷೆ ಆಡಿ, ಮಕ್ಕಳನ್ನು ಬಲ್ಲವರಾಗಿದ್ದರು ಟೇಲರ್. ಒಂದೊಂದು ಶಾಲೆಗೆ ಒಂದೊಂದು ಸಲ ಹೋಗಿಬರುವ ಕರಾರಿನಲ್ಲಿ ಇಂಥ ನಂಟು ಬೆಳೆಯುವುದಿಲ್ಲ.

ಆದ್ದರಿಂದ ಇಲ್ಲಿರುವ ಅಧಿಕಾರಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ನನ್ನದೊಂದು ಬೇಡಿಕೆ. ಹೊಸ ಭಾಷೆ ಕಲಿಸಲು ಹೊರಗಿನಿಂದ ಒಬ್ಬರನ್ನು ನೇಮಿಸುವಾಗ ವೇಳಾಪಟ್ಟಿಯಲ್ಲಿ ತರಗತಿ ಶಿಕ್ಷಕರ ಜೊತೆ ಕೂರುವ ಹತ್ತು ನಿಮಿಷವನ್ನೂ ಬರೆಯಿರಿ, ಅದಕ್ಕೂ ಸಂಬಳ ಕೊಡಿ. ಅವರನ್ನು ಮಕ್ಕಳ ಜೊತೆ ಊಟಕ್ಕೆ ಕೂರಿಸಿ. ಮುಂದಿನ ವರ್ಷವೂ ಅವರೇ ಬರುವಂತೆ ನೋಡಿಕೊಳ್ಳಿ. ಮತ್ತು ಭಾಷೆ ಕಲಿಸುವವರ ಪಟ್ಟಿಯಿಂದ ಅಡುಗೆಯವರನ್ನು, ಆಯಾಗಳನ್ನು, ಗೇಟಿನ ಬಳಿ ಕೂರುವವರನ್ನು ಹೊರಗಿಡಬೇಡಿ. ಮಗು ದಿನಕ್ಕೆ ಹತ್ತು ಸಲ ಏನನ್ನಾದರೂ ಕೇಳುವುದು ಅವರನ್ನೇ, ಬೇಕಾದದ್ದನ್ನು ಕೇಳುವಾಗ ಕಲಿತ ಮಾತು ಬೇಗ ಮರೆಯುವುದಿಲ್ಲ.

ಮೊದಲು ಹೇಳಿದ ಆ ಎರಡು ಕೋಣೆಯ ಶಾಲೆಗೆ ಕೆಲವು ತಿಂಗಳ ಮೇಲೆ ಮತ್ತೆ ಹೋದೆ. ಬಿಸಿಯೂಟದ ಹೊತ್ತು. ಟೀಚರು ತಾವು ತರಬೇತಿಯಲ್ಲಿ ಕಲಿತ ನಾಲ್ಕಾರು ಪದಗಳನ್ನು ಅಡುಗೆಯಾಕೆಗೂ ಹೇಳಿಕೊಟ್ಟಿದ್ದರು. ಆಕೆ ಸಾಂಬಾರಿನ ಬಕೆಟ್ಟು ಹಿಡಿದು ಸಾಲಿನುದ್ದಕ್ಕೂ "ಮೋರ್?" "ಮೋರ್?" ಎನ್ನುತ್ತಾ ಬರುತ್ತಿದ್ದರು. ಸಾಲಿನ ಕೊನೆಯಲ್ಲಿ ಸೆರಗಿನ ಹಿಂದೆ ಅಡಗಿದ್ದ ಅದೇ ಹುಡುಗಿ ಕೂತಿದ್ದಳು. ಸೌಟು ತನ್ನ ಮುಂದೆ ಬಂದಾಗ ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನನ್ನ ಕಡೆ ನೋಡದೆ, ಅಡುಗೆಯಾಕೆಯ ಮುಖ ನೋಡಿಕೊಂಡು ಹೇಳಿದಳು, "ಲಿಟಲ್, ಅತ್ತೆ."